ಹೆಸರು ಕೇಳಿದೊಡನೆ ಭರ್ತಿಯಾದ ಹುದ್ದೆ

ನೆಹರು ನಗರ

ನಾನು ಬೆಲ್ಜಿಯಂಗೆ ಹೊರಟಿದ್ದೇನೆ ಎಂದಾಗ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. ಬಾಜೂ ಮನೆಯ ಮಹಾದೇವಿ ಅಕ್ಕ ಬಟ್ಟೆ ಹಿಂಡುವುದನ್ನು ನಿಲ್ಲಿಸಿ, "ಬೆಳಗಾಂವದಾಗ ಇದ್ದು ಮತ್ತ ಬೆಳಗಾಂವಕ್ಕ ಯಾಕ ಹೊಂಟೀರಿ?" ಎಂದರು. ತಪ್ಪು ಅವರದಲ್ಲ. ನಮ್ಮೂರಿನ ಹಳೆಯ ಇಂಗ್ಲಿಷ್ ಹೆಸರನ್ನು ಅವಸರದಲ್ಲಿ ಬರೆದರೆ ಆ ದೇಶವೇ ಆಗಿಬಿಡುತ್ತದೆ. ನಮ್ಮ ಸೋದರಮಾವ ಜರ್ಮನಿಯಿಂದ ತರಿಸಿದ ಗಡಿಯಾರವೊಂದು ಮೊದಲು ಬೆಲ್ಜಿಯಂ ಸುತ್ತಿಕೊಂಡೇ ಬೆಳಗಾವಿಗೆ ಬಂದಿತ್ತು.

ಸರಕಾರಿ ನೌಕರಿಗೆ ಹೊಸದಾಗಿ ಸೇರಿದವರಿಗೆ, ಜನರ ಜೊತೆ ಸೌಜನ್ಯದಿಂದ ಹೇಗೆ ನಡೆದುಕೊಳ್ಳಬೇಕೆಂದು ಕಲಿಸುವುದು ನನ್ನ ಕೆಲಸ. ವರ್ಷಾನುಗಟ್ಟಲೆ ಕಲಿಸುತ್ತಿದ್ದೇನೆ. ಕಲಿತವರೆಲ್ಲ ಎಲ್ಲಿ ಹೋಗುತ್ತಾರೋ ಗೊತ್ತಿಲ್ಲ, ಕಚೇರಿಯ ಕಿಟಕಿಗಳ ಹಿಂದೆ ಮಾತ್ರ ನನಗೆ ಒಬ್ಬರೂ ಸಿಕ್ಕಿಲ್ಲ.

ಬ್ರಸೆಲ್ಸ್‌ನ ಒಂದು ಸಂಸ್ಥೆ ಒಂದು ವಾರದ ಶಿಬಿರ ಇಟ್ಟಿತ್ತು. ನೌಕರಿ ಕೊಡುವಾಗ, ಸರಕಾರಿ ಸೇವೆ ಒದಗಿಸುವಾಗ ಜನಾಂಗ ನೋಡಿ ಮಾಡುವ ಭೇದಭಾವವನ್ನು ತಡೆಯುವುದು ಹೇಗೆ ಎಂಬುದು ವಿಷಯ. ನಮ್ಮ ಜಿಲ್ಲೆಯಿಂದ ಇಬ್ಬರಿಗೆ ಅವಕಾಶವಿತ್ತು. ಶಿಬಿರದಲ್ಲಿ ಪ್ಯಾರಿಸ್ ಸೇರಿಲ್ಲವೆಂದು ತಿಳಿದೊಡನೆ ಮೇಲಿನವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಹೀಗೆ ಪಟ್ಟ ನನಗೂ ಖಾನಾಪುರ ತಾಲೂಕು ಕಚೇರಿಯ ವಿಠ್ಠಲ ಗುರವ ಅವರಿಗೂ ಬಂತು.

ಗುರವರ ಮನೆಮಾತು ಮರಾಠಿ, ಬರೆಯುವ ಕಡತವೆಲ್ಲ ಕನ್ನಡ. ಅಲ್ಲಿಯವರೆಗೆ ನಮ್ಮಿಬ್ಬರದು ಬರೀ ನಮಸ್ಕಾರದ ಪರಿಚಯ. ವಿಮಾನದಲ್ಲಿ ಕುಳಿತಾಗ ಅವರೇ ತಮ್ಮ ಪರಿಚಯ ಹೇಳಿಕೊಂಡರು: "ಕಚೇರ್ಯಾಗ ನಾ ಮರಾಠ್ಯಾಂವ. ಊರಾಗ ನಾ ಕನ್ನಡ ಸರಕಾರದಾಂವ. ಮದವಿಗೆ ಎರಡೂ ಕಡೆಯವರು ಕರೀತಾರ್ರಿ ಮೇಡಮ್ರ, ಆದ್ರ ಎರಡೂ ಪಂಕ್ತ್ಯಾಗ ನನಗ ಎಲಿ ಇರೂದಿಲ್ಲ."

ವಿಮಾನ ನಿಲ್ದಾಣದ ಸಾಲು

ಯಾಕೆ ಬಂದಿರಿ ಎಂದು ಅಲ್ಲಿ ಕೇಳುತ್ತಾರೆ ಅಂತ ನಾನು ಗುರವರಿಗೆ ಮೊದಲೇ ಒಂದು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸಿದ್ದೆ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಕೇಳಿದ. ಗುರವರು ಎದೆಯುಬ್ಬಿಸಿ, "ಭೇದಭಾವ ನಿಲ್ಲಿಸಲು ಬಂದಿದ್ದೇನೆ" ಎಂದರು.

ಅಧಿಕಾರಿ ಅವರ ಮುಖ ನೋಡಿದ, ಪಾಸ್‌ಪೋರ್ಟ್ ನೋಡಿದ, ಮತ್ತೆ ಮುಖ ನೋಡಿದ. "ಬಹಳ ಒಳ್ಳೆಯದು. ದಯವಿಟ್ಟು ಸ್ವಲ್ಪ ಬದಿಗೆ ನಿಲ್ಲಿ" ಎಂದ.

ಬದಿಯಲ್ಲಿ ಆಗಲೇ ಕೆಲವರು ನಿಂತಿದ್ದರು. ಎಲ್ಲರೂ ನಮ್ಮದೇ ಬಣ್ಣ, ಇಲ್ಲವೇ ನಮಗಿಂತ ಒಂದು ಕೈ ಹೆಚ್ಚು. ನಮ್ಮ ಹಿಂದಿದ್ದ ಬಿಳಿಯ ಆಸಾಮಿ ಆನೆಮರಿಯಂಥ ಬ್ಯಾಗು ಎಳೆದುಕೊಂಡು ಸಿಳ್ಳೆ ಹಾಕುತ್ತ ದಾಟಿಹೋದ. ಗುರವರು ನನ್ನ ಕಿವಿಯಲ್ಲಿ, "ಮೇಡಮ್ರ, ಶಿಬಿರ ಇಲ್ಲೇ ಚಾಲೂ ಆತೇನು?" ಎಂದರು.

ಅವರ ಬ್ಯಾಗಿನಿಂದ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಚಟ್ನಿ ಹೊರಬಂತು. ಅದರ ಮೇಲೆ ಮೂಗಿಟ್ಟು ಪರೀಕ್ಷಿಸಿದ ಅಧಿಕಾರಿಗೆ ಸೀನು ಹತ್ತಿ ಕಣ್ಣೀರು ಬಂತು, ಕೊನೆಗೆ ಅವನು ನಮ್ಮನ್ನು ಬಿಟ್ಟ. ಬಿಡುವಾಗ ಕ್ಷಮೆ ಕೇಳಿದ, ಸಹಕಾರಕ್ಕೆ ಕೃತಜ್ಞತೆ ಹೇಳಿದ, ಶುಭ ಹಾರೈಸಿದ. ನಮ್ಮಲ್ಲಿ ಬೈದು ನಿಲ್ಲಿಸುತ್ತಾರೆ, ನಾವೂ ಒಳಗೊಳಗೇ ಬೈದುಕೊಂಡು ಹಗುರಾಗುತ್ತೇವೆ. ಇವರು ಎಷ್ಟು ಮರ್ಯಾದೆಯಿಂದ ತಡೆದರೆಂದರೆ ನಮಗೆ ಸಿಟ್ಟು ಮಾಡಲೂ ಜಾಗ ಉಳಿಯಲಿಲ್ಲ.

ರೈಲು ಭಾಷೆ ಬದಲಿಸಿದ ಜಾಗ

ನಮ್ಮನ್ನು ಕರೆದೊಯ್ಯಲು ಸಂಸ್ಥೆಯ ದುಭಾಷಿ ಸಮೀರಾ ಬಂದಿದ್ದಳು. ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಅವಳ ಅಜ್ಜ ಮೊರೊಕ್ಕೊದಿಂದ ಇಲ್ಲಿನ ಕಲ್ಲಿದ್ದಲ ಗಣಿಗೆ ಬಂದವನು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಡಚ್, ಫ್ರೆಂಚ್, ಅರಬ್ಬಿ, ಇಂಗ್ಲಿಷ್ ನೀರಿನಂತೆ ಮಾತಾಡುತ್ತಿದ್ದಳು. ಅಜ್ಜಿಗೆ ಹಿಂದಿ ಸಿನೆಮಾದ ಹುಚ್ಚು ಇತ್ತಂತೆ, ಹಾಗಾಗಿ "ಚಲೋ, ಜಲ್ದಿ" ಎಂದು ಅವಳು ನಮ್ಮನ್ನು ರೈಲು ಹತ್ತಿಸಿದಳು. "ಚಲೋ" ಕೇಳಿ ಗುರವರು, ಅದು ನಮ್ಮ ಕಡೆಯ ಮಾತೆಂದುಕೊಂಡು, ಏನೋ ಒಳ್ಳೆಯದಾಯಿತೆಂದು ತಿಳಿದು ನಕ್ಕರು.

ನಮ್ಮ ವಸತಿ ಬ್ರಸೆಲ್ಸ್‌ನ ಹೊರಗೆ ಒಂದು ಸಣ್ಣ ಊರಿನಲ್ಲಿತ್ತು. ರೈಲಿನಲ್ಲಿ ಮೊದಲು ಎರಡು ಭಾಷೆಗಳಲ್ಲಿ ಸೂಚನೆ ಕೇಳಿಸುತ್ತಿತ್ತು. ಎಲ್ಲೋ ಹೊಲದ ಮಧ್ಯೆ ಒಂದು ಭಾಷೆ ಥಟ್ಟನೆ ನಿಂತುಹೋಯಿತು. ನಾನು ಸ್ಪೀಕರ್ ಕೆಟ್ಟಿತೆಂದುಕೊಂಡೆ.

"ಕೆಟ್ಟಿಲ್ಲ. ಗಡಿ ದಾಟಿದೆವು" ಎಂದಳು ಸಮೀರಾ. ದೇಶದ ಒಂದು ಭಾಗ ಡಚ್ ಮಾತಾಡುವವರದು, ಇನ್ನೊಂದು ಫ್ರೆಂಚ್ ಮಾತಾಡುವವರದು, ರಾಜಧಾನಿ ಮಾತ್ರ ಇಬ್ಬರದೂ. ಗೆರೆ ದಾಟಿದ ಮೇಲೆ ರೈಲಿನವನು ಫ್ರೆಂಚ್‌ನಲ್ಲಿ ಸೂಚನೆ ಕೊಡುವಂತಿಲ್ಲ.

"ಅವಂಗ ಬರ್ತಿದ್ರೂನು?" ಎಂದು ಗುರವರು ನನ್ನಿಂದ ಕೇಳಿಸಿದರು.

"ಬರುತ್ತಿದ್ದರೂ."

ಗುರವರ ಮುಖ ಅರಳಿತು. ಅಷ್ಟು ದೂರದ ಪ್ರಯಾಣದಲ್ಲಿ ಅವರಿಗೆ ಊರಿನ ನೆನಪು ಬಂದದ್ದು ಅದೇ ಮೊದಲು. "ನಮ್ಮ ಲೋಂಡಾದಿಂದ ಬರೂ ಗಾಡ್ಯಾಗ ಚಹಾ ಮಾರಾಂವ ಮಂದಿ ಮುಖ ನೋಡಿ ಕನ್ನಡ, ಮರಾಠಿ, ಕೊಂಕಣಿ, ಹಿಂದಿ ಎಲ್ಲಾ ಮಾತಾಡ್ತಾನ್ರಿ. ಅವಂಗ ಯಾರೂ ಕಾಯ್ದೆ ಹೇಳಿಲ್ಲ. ಅದಕ್ಕ ಅವನ ಚಹಾ ಖಾಲಿ ಆಗ್ತೈತಿ."

ಮರುದಿನ ನಾವಿಬ್ಬರೇ ತಿರುಗಾಡಲು ಹೋಗಿ ದಾರಿ ತಪ್ಪಿದೆವು. ಊರ ಬೋರ್ಡಿನ ಮೇಲೆ ಎರಡು ಹೆಸರಿದ್ದು, ಒಂದಕ್ಕೆ ಯಾರೋ ಕಪ್ಪು ಬಣ್ಣ ಬಳಿದಿದ್ದರು. ನಮ್ಮ ಕೈಯಲ್ಲಿದ್ದ ವಿಳಾಸದಲ್ಲಿ ಇದ್ದದ್ದು ಆ ಬಳಿದ ಹೆಸರೇ. ಗುರವರು ಬೋರ್ಡನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಬಣ್ಣಾ ಸುದ್ದಾ ನಮ್ಮ ಕಡೀದ ಆದಂಗ ಐತಿ!" ಎಂದು ಭಾವುಕರಾದರು. ದಾರಿ ಕೇಳಲು ಹೋದರೆ ಅಲ್ಲಿಯ ಅಂಗಡಿಯವನು, ನಮ್ಮ ಮುಂದಿದ್ದ ಗಿರಾಕಿ ಫ್ರೆಂಚ್ ಆಡಿದ್ದಕ್ಕೂ ಸಂತೋಷದಿಂದ ಇಂಗ್ಲಿಷ್‌ನಲ್ಲೇ ಉತ್ತರ ಕೊಟ್ಟ. ಅದೂ ಹೊಸದೇನಲ್ಲ. ಬೆಳಗಾವಿಯ ಬಜಾರಿನಲ್ಲಿ ಕನ್ನಡದವರೂ ಮರಾಠಿಯವರೂ ಜಿದ್ದಿಗೆ ಬಿದ್ದಾಗ ಜಗಳ ಹಿಂದಿಯಲ್ಲೇ ನಡೆಯುತ್ತದೆ.

ಶಿಬಿರದ ಕೋಣೆ

ಸಂಸ್ಥೆಯ ಬಾಗಿಲಲ್ಲೇ ಆಳೆತ್ತರದ ಚಿತ್ರವಿತ್ತು. "ಎಲ್ಲರಿಗೂ ಸಮಾನ ಅವಕಾಶ" ಎಂಬ ಬರಹದ ಕೆಳಗೆ ನಗುತ್ತಿದ್ದವಳು ನಮ್ಮ ಸಮೀರಾ. ನಾವು ಅವಳನ್ನು ಅಭಿನಂದಿಸಿದೆವು. ಅವಳು, "ಚಿತ್ರ ಕಾಯಂ. ನಾನು ತಾತ್ಕಾಲಿಕ" ಎಂದಳು. ಅವಳ ನೌಕರಿ ತಿಂಗಳಿಂದ ತಿಂಗಳಿಗೆ ಮುಂದುವರಿಸುವಂಥದ್ದು. ಕಾಯಂ ಕೆಲಸಕ್ಕಾಗಿ ಹುಡುಕುತ್ತಲೇ ಇದ್ದಳು.

ತರಬೇತುದಾರನ ಹೆಸರು ಯಾನ್. ಉದ್ದನೆಯ, ಸೌಮ್ಯ ಸ್ವಭಾವದ ಮನುಷ್ಯ. ಸೈಕಲ್ ಮೇಲೆ ಬರುತ್ತಿದ್ದ, ಯಾರ ಮಾತನ್ನೂ ಮಧ್ಯದಲ್ಲಿ ಕಡಿಯುತ್ತಿರಲಿಲ್ಲ. ಬೇರೆ ಬೇರೆ ದೇಶಗಳಿಂದ ಬಂದ ನಾವೆಲ್ಲ ದುಂಡಗೆ ಕುಳಿತು, ಭೇದಭಾವ ಬಹಳ ಕೆಟ್ಟದ್ದೆಂದು ಎರಡು ದಿನ ಒಪ್ಪಿಕೊಂಡೆವು. ಅಷ್ಟು ಒಮ್ಮತವನ್ನು ನಾನು ಮದುವೆಯ ಊಟದಲ್ಲೂ ಕಂಡಿಲ್ಲ.

ಮೂರನೆಯ ದಿನ ಯಾನ್ ಒಂದು ಪ್ರಯೋಗ ತೋರಿಸುತ್ತೇನೆಂದ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಬರಮಾಡಿಕೊಳ್ಳುವ ಕೆಲಸಕ್ಕೆ ಜನ ಬೇಕೆಂದು ಜಾಹೀರಾತು ಇತ್ತು. ಮೊದಲು ಸಮೀರಾ ತನ್ನ ಸ್ವಂತ ಹೆಸರಿನಲ್ಲಿ ಫೋನ್ ಮಾಡಬೇಕು. ಆಮೇಲೆ ಅದೇ ಓದು, ಅದೇ ಅನುಭವ ಹೇಳಿ ಸೋಫಿ ಎಂಬ ಹೆಸರಿನಲ್ಲಿ ಮಾಡಬೇಕು. ನಾವೆಲ್ಲ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದ.

ಸಮೀರಾ ಮಾತಾಡಿದಳು. ಆ ಕಡೆಯ ಗಂಡುದನಿ ಮೊದಲು ಉತ್ಸಾಹದಿಂದಲೇ ಇತ್ತು. ಹೆಸರು ಕೇಳಿತು. ಇವಳು ಹೇಳಿದಳು. ಆ ದನಿ ಒಮ್ಮೆಲೇ ತಣ್ಣಗಾಯಿತು. ಫೋನ್ ಇಟ್ಟ ಮೇಲೆ ಸಮೀರಾ ನಮಗೆ ಅರ್ಥ ಹೇಳಿದಳು: "ಹುದ್ದೆ ನಿನ್ನೆಯೇ ಭರ್ತಿಯಾಗಿದೆಯಂತೆ. ವಿಷಾದಿಸುತ್ತಾರಂತೆ."

ನಡುವೆ ಚಹಾದ ಬಿಡುವಾಯಿತು. ಬಂದ ಮೇಲೆ ಅದೇ ದನಿಯಲ್ಲಿ ಸೋಫಿ ಫೋನ್ ಮಾಡಿದಳು. ಆ ಕಡೆಯವನು ನಕ್ಕದ್ದೂ ಕೇಳಿಸಿತು. "ನಾಳೆ ಬೆಳಿಗ್ಗೆ ಸಂದರ್ಶನಕ್ಕೆ ಬರಬೇಕಂತೆ" ಎಂದಳು ಸಮೀರಾ.

"ಅದ್ಭುತ!" ಎಂದು ಯಾನ್ ಚಪ್ಪಾಳೆ ತಟ್ಟಿದ. "ಎಷ್ಟು ಸಲ ಮಾಡಿದ್ದೇನೆ, ಇಷ್ಟು ಸ್ಪಷ್ಟವಾಗಿ ಯಾವತ್ತೂ ಬಂದಿರಲಿಲ್ಲ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಎರಡು ಸಲ ತಟ್ಟಿ, ಸಮೀರಾಳ ಕಡೆ ನೋಡಿ ಕೈ ಇಳಿಸಿದೆ. ಅವಳು ನೀರು ಕುಡಿಯುತ್ತಿದ್ದಳು. ಲೋಟ ಖಾಲಿಯಾದ ಮೇಲೂ ಬಾಯಿಂದ ತೆಗೆದಿರಲಿಲ್ಲ.

ಗುರವರು ಕೈ ಎತ್ತಿದರು. ಶಿಬಿರದಲ್ಲಿ ಅವರು ಮಾತಾಡಿದ್ದು ಅದೇ ಮೊದಲು. ನಾನು ಅನುವಾದಿಸಿದೆ.

"ಈಕಿಗೆ ಆ ನೌಕರಿ ಸಿಗ್ತೈತೇನ್ರಿ?"

ಯಾನ್ ನಕ್ಕ. "ಇಲ್ಲ, ಇಲ್ಲ. ಇದು ಪ್ರಾತ್ಯಕ್ಷಿಕೆ. ಜಾಗೃತಿ ಮೂಡಿಸುವುದು ನಮ್ಮ ಉದ್ದೇಶ."

"ಜಾಗೃತಿ ಆತಲ್ರಿ. ನೌಕರಿ?"

"ದೂರು ಕೊಡುವುದು ಬೇರೆ ಕಚೇರಿಯ ವಿಷಯ."

ಗುರವರು ನನ್ನ ಕಡೆ ತಿರುಗಿದರು. "ಹಂಗಾದ್ರ ಇವರೂ ನಮ್ಮಂಥವರ ಬಿಡ್ರಿ. ನಾ ಸುಮ್ನ ಅಂಜಿದ್ದೆ." ಇದನ್ನು ನಾನು ಅನುವಾದಿಸಲಿಲ್ಲ. ಆದರೆ ಸಮೀರಾ ಅವರ ಮುಖ ನೋಡಿಯೇ ತಿಳಿದುಕೊಂಡಳು. ಸಂಜೆ ನಮ್ಮ ಹತ್ತಿರ ಬಂದು, "ನಾಳೆ ನಾನು ಸಂದರ್ಶನಕ್ಕೆ ಹೋಗುತ್ತೇನೆ. ನನಗೆ ನಿಜವಾಗಿಯೂ ಆ ಕೆಲಸ ಬೇಕು. ಜೊತೆಗೆ ಬರುತ್ತೀರಾ?" ಎಂದಳು.

ನನಗೆ ಭಯವಾಯಿತು. ಪರದೇಶ, ವೀಸಾ, ಮೇಲಿನವರು, ಎಲ್ಲ ಕಣ್ಣ ಮುಂದೆ ಬಂದವು. ಗುರವರು ಮಾತ್ರ, "ನಾಳೆ ಎಲ್ಲಾರೂ ಚಾಕಲೇಟ್ ಕಾರ್ಖಾನಿ ನೋಡಾಕ ಹೊಂಟಾರ. ನನಗ ಸಕ್ರಿ ಬ್ಯಾನಿ ಐತಿ. ಇಲ್ಲಿಗೇ ಹೋಗೂಣು" ಎಂದರು.

ಕ್ಲಿನಿಕ್ಕಿನ ಬಾಗಿಲು

ನಾನು ಇಳಕಲ್ಲ ಸೀರೆಯ ಮೇಲೆ ಕೋಟು, ಗುರವರು ಮಂಗನ ಟೋಪಿ, ನಡುವೆ ನೀಟಾದ ಕರಿಯ ಅಂಗಿಯಲ್ಲಿ ಸಮೀರಾ. ಕ್ಲಿನಿಕ್ಕಿನ ಮ್ಯಾನೇಜರ್ ಹೊರಗೆ ಬಂದವನು ಗುರವರನ್ನು ನೋಡಿ, "ಎಲ್ಲಿ ನೋವು?" ಎಂದು ಕೇಳಿದ.

ಸಮೀರಾ ತಾನು ಸಂದರ್ಶನಕ್ಕೆ ಬಂದವಳೆಂದಳು. ಅವನು, "ನಾವು ಸೋಫಿ ಎಂಬುವವರ ದಾರಿ ನೋಡುತ್ತಿದ್ದೇವೆ" ಎಂದ. ಅವರ ಮಾತು ಡಚ್‌ನಲ್ಲೇ ನಡೆಯಿತು. ಆಮೇಲೆ ಸಮೀರಾ ಒಂದೊಂದೂ ಹೇಳಿದಳು, ಆದರೂ ಅವನ ಮುಖದ ಅನುವಾದ ನಮಗೆ ಆಗಲೇ ಆಗಿತ್ತು.

"ಸೋಫಿಯಾಗಿ ಫೋನ್ ಮಾಡಿದ್ದು ನಾನೇ. ಅದಕ್ಕಿಂತ ಮೊದಲು ಸಮೀರಾ ಆಗಿ ಮಾಡಿದ್ದೂ ನಾನೇ. ಭರ್ತಿಯಾಗಿದೆಯೆಂದು ನೀವು ಹೇಳಿದ ಹುದ್ದೆ ನಾವು ಚಹಾ ಕುಡಿಯುವಷ್ಟರಲ್ಲಿ ಹೇಗೆ ಖಾಲಿಯಾಯಿತು?"

ಮ್ಯಾನೇಜರನ ಕಿವಿ ಕೆಂಪಾದವು. ಸಿಟ್ಟಾಗಲಿಲ್ಲ, ಅದು ಅವರ ಪದ್ಧತಿಯಲ್ಲ. ಏನೋ ತಪ್ಪು ತಿಳಿವಳಿಕೆ ಆಗಿದೆಯೆಂದ. ತಮ್ಮಲ್ಲಿ ಭೇದಭಾವವೇ ಇಲ್ಲ, ನೆಲ ಒರೆಸುವವರೆಲ್ಲ ನಿಮ್ಮ ಕಡೆಯವರೇ ಎಂದ. ಸಮೀರಾ, "ನಾನು ಹುಟ್ಟಿದ್ದು ಇಲ್ಲಿಂದ ಎರಡು ಬೀದಿ ಆಚೆ. ನಮ್ಮ ಕಡೆ ಅಂದರೆ ಯಾವ ಕಡೆ?" ಎಂದಳು. ದನಿ ಗಟ್ಟಿಯಾಗಿತ್ತು. ನಾನು ಅವಳ ಮೊಣಕೈ ಹಿಡಿದುಕೊಂಡೆ.

ಕೊನೆಗೆ ಅವನು ದನಿ ತಗ್ಗಿಸಿ ಹೇಳಿದ: "ನನಗೇನೂ ಇಲ್ಲ. ಆದರೆ ಬರುವ ರೋಗಿಗಳು ಹಳೆಯ ಕಾಲದವರು…"

ಆ ಮಾತನ್ನು ಸಮೀರಾ ಇಂಗ್ಲಿಷ್‌ನಲ್ಲಿ ಹೇಳಿ, ನಾನು ಗುರವರಿಗೆ ದಾಟಿಸಿದಾಗ ನಮ್ಮಿಬ್ಬರಿಗೂ ಒಟ್ಟಿಗೇ ನಗು ಬಂತು. ನಗುವ ಹೊತ್ತಲ್ಲ, ಆದರೂ ಬಂತು. ನಮ್ಮ ಓಣಿಯಲ್ಲಿ ಮನೆ ಬಾಡಿಗೆಗೆ ಕೊಡುವವರು ಮೊದಲು "ನೀವು ಯಾರ ಪೈಕಿ ರೀ?" ಎಂದು ಜಾತಿಯನ್ನು ಬಾಯಿಬಿಟ್ಟು ಕೇಳುತ್ತಾರೆ. ಉತ್ತರ ಸೇರದಿದ್ದರೆ, "ನಮಗೇನೂ ಇಲ್ರಿ, ಬಾಜೂ ಮನಿಯವರು ಒಂದ್ ನಮೂನಿ" ಎನ್ನುತ್ತಾರೆ. ಬಾಜೂ ಮನೆಯವರನ್ನು ಕೇಳಿದರೆ ಅವರೂ ಅದನ್ನೇ ಹೇಳಿ ಇವರ ಕಡೆ ಕೈ ತೋರಿಸುತ್ತಾರೆ. ಊರಿನಲ್ಲಿ ಮನಸ್ಸು ಸಣ್ಣದಿರುವವನು ಒಬ್ಬನೇ ಒಬ್ಬ, ಅವನು ಸದಾ ಪಕ್ಕದ ಮನೆಯಲ್ಲಿರುತ್ತಾನೆ. ಬೆಲ್ಜಿಯಂನಲ್ಲಿ ಹೆಸರು ಕೇಳಿದ ಮೇಲೆ ಪೈಕಿ ಕೇಳುವುದಿಲ್ಲ, ಅಷ್ಟೇ. ಕೇಳುವುದು ಅಸಭ್ಯವಾದ್ದರಿಂದ ಅದನ್ನು ತಾವೇ ಊಹಿಸಿಕೊಳ್ಳುತ್ತಾರೆ.

ಸಮೀರಾ ಅಲ್ಲಿಂದ ನೇರವಾಗಿ ನಮ್ಮನ್ನೂ ಕರೆದುಕೊಂಡು ದೂರು ಕೇಳುವ ಕಚೇರಿಗೆ ಹೋದಳು. ಸಾಕ್ಷಿ ಯಾರು ಎಂದು ಕೇಳಿದರು. ಅವಳು ನಮ್ಮ ಕಡೆ ನೋಡಿದಳು.

ಸುದ್ದಿ ತಿಳಿದು ಯಾನ್ ಬಿಳಿಚಿಕೊಂಡ. ಫೋನ್ ಸಂಸ್ಥೆಯದು, ಪ್ರಯೋಗ ಸಂಸ್ಥೆಯದು. ಅವಳ ಬಗ್ಗೆ ತನಗೆ ತುಂಬ ಗೌರವವಿದೆ, ಆದರೆ ತರಬೇತುದಾರನಾಗಿ ತಾನು ತಟಸ್ಥನಿರಬೇಕಾಗುತ್ತದೆ ಎಂದ. ಉಳಿದ ಶಿಬಿರಾರ್ಥಿಗಳಿಗೂ ಆ ದಿನ ಏನೂ ಸರಿಯಾಗಿ ಕೇಳಿಸಿರಲಿಲ್ಲವೆಂದು ಗೊತ್ತಾಯಿತು. ಚಪ್ಪಾಳೆಯ ಗದ್ದಲ ಇದ್ದಿರಬೇಕು. ತಿಂಗಳ ಕೊನೆಗೆ ಸಂಸ್ಥೆ ಸಮೀರಾಳ ನೌಕರಿಯನ್ನು ಮುಂದುವರಿಸಲಿಲ್ಲ. ಬಾಗಿಲ ಚಿತ್ರವನ್ನು ಮಾತ್ರ ತೆಗೆಯಲಿಲ್ಲವಂತೆ.

ಅದಕ್ಕೂ ಮೊದಲು, ನಮ್ಮನ್ನು ಬೀಳ್ಕೊಡುವಾಗ ಅವಳು ಕೇಳಿದ್ದಳು: "ನಿಮ್ಮ ದೇಶಕ್ಕೆ ಹೋದ ಮೇಲೂ ಸಾಕ್ಷಿ ಹೇಳುತ್ತೀರಾ?"

ಗುರವರು ನೇರವಾಗಿ ತಮ್ಮ ಹಿಂದಿಯಲ್ಲೇ ಉತ್ತರಿಸಿದರು. "ಬೋಲೇಗಾ. ಕ್ಯೂಂ ನಹೀ ಬೋಲೇಗಾ?" ಅಜ್ಜಿಯ ಸಿನೆಮಾದ ಪುಣ್ಯದಿಂದ ಅದು ಅವಳಿಗೆ ತಿಳಿಯಿತು.

ಖಾನಾಪುರ

ವಿಚಾರಣೆಯ ಕರೆ ಬಂದಾಗ ನಮ್ಮಲ್ಲಿ ಮಳೆಗಾಲ. ವಿಡಿಯೊ ಮೂಲಕವೇ ಹೇಳಿಕೆ ಕೊಡಬಹುದೆಂದು ತಿಳಿಸಿದ್ದರು. ನಾನು ನಮ್ಮ ಸಾಹೇಬರ ಅನುಮತಿ ಕೇಳಿದೆ. ಶಿಬಿರದ ಫೋಟೊಗಳನ್ನು ದೊಡ್ಡದು ಮಾಡಿಸಿ ತಮ್ಮ ಕೋಣೆಯಲ್ಲಿ ಹಾಕಿಸಿಕೊಂಡಿದ್ದ ಅವರು, "ಭೇದಭಾವದ ಬಗ್ಗೆ ಭಾಷಣ ಮಾಡ್ರಿ, ಅಡ್ಡಿ ಇಲ್ಲ. ಪರದೇಶದ ಜಗಳ ನಮಗ್ಯಾಕ್ರಿ?" ಎಂದರು. ನಾನು ರಜೆ ಹಾಕಿ ಖಾನಾಪುರದ ಬಸ್ಸು ಹತ್ತಿದೆ. ಪೀರನವಾಡಿ ದಾಟುವಾಗಲೇ ಮಳೆ ಸುರುವಾಗಿತ್ತು.

ಗುರವರ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆವು. ಅವರ ಹೆಂಡತಿ ಸುನಂದಾ ಬಾಯಿ ನನಗೆ ಮರಾಠಿಯಲ್ಲಿ ಚಹಾ ಕೊಟ್ಟರು, ನಾನು ಕನ್ನಡದಲ್ಲಿ ಕುಡಿದೆ. ಪರದೆಯಲ್ಲಿ ವಿಚಾರಣೆಯ ಅಧಿಕಾರಿಣಿ, ಕ್ಲಿನಿಕ್ಕಿನ ವಕೀಲ, ಮೂಲೆಯಲ್ಲಿ ಸಮೀರಾ. ಅವಳು ತೆಳ್ಳಗಾಗಿದ್ದಳು.

ಅಧಿಕಾರಿಣಿ ಮೊದಲು ಕೇಳಿದ ಪ್ರಶ್ನೆಯೇ, ಯಾವ ಭಾಷೆಯಲ್ಲಿ ಹೇಳಿಕೆ ಕೊಡಲು ನಿಮಗೆ ಅನುಕೂಲ ಎಂಬುದು. ಗುರವರು ಪರದೆ ಬಿಟ್ಟು ನನ್ನ ಕಡೆ ತಿರುಗಿದರು.

"ಇಷ್ಟ ವರ್ಷ ಕಚೇರ್ಯಾಗ ಇದ್ದೀನ್ರಿ. ನಾನೂ ಯಾರನ್ನೂ ಹಿಂಗ ಕೇಳಿಲ್ಲ, ನನ್ನನ್ನೂ ಯಾರೂ ಕೇಳಿಲ್ಲ" ಎಂದು ನನಗೆ ಹೇಳಿ, ಆಮೇಲೆ ಪರದೆಗೆ, "ಸಿಟ್ಟು ಬಂದ್ರ ಮರಾಠಿ ಬೇಕಾಗ್ತೈತಿ. ಸಾಕ್ಷಿ ಹೇಳಾಕ ಕನ್ನಡ ಆಗ್ತೈತಿ" ಎಂದರು.

ವಿಚಾರಣೆಯವರು ಒದಗಿಸಿದ ಕನ್ನಡದ ದುಭಾಷಿ ಮೈಸೂರು ಕಡೆಯವರು, ಬೆಲ್ಜಿಯಂನಲ್ಲೇ ನೆಲೆಸಿದವರು. ಗುರವರು "ಆಕಿ ಫೋನ್ ಹಚ್ಚಿದಾಗ ನಾ ಬಾಜೂಕ ಕುಂತಿದ್ದೆ" ಎಂದರೆ, "ಕ್ಷಮಿಸಿ ಸರ್, ಫೋನಿಗೆ ಏನು ಹಚ್ಚಿದರು?" ಎಂದು ಗಾಬರಿಯಾದರು. ಹೀಗಾಗಿ ಗುರವರ ಕನ್ನಡವನ್ನು ನಾನು ಕನ್ನಡಕ್ಕೆ, ಆ ಕನ್ನಡವನ್ನು ಅವರು ಡಚ್‌ಗೆ ದಾಟಿಸುತ್ತ ಹೋದೆವು.

ಎಲ್ಲ ಹೇಳಿ ಮುಗಿಸಿದಾಗ ಅಧಿಕಾರಿಣಿ, ನಿರಾಕರಿಸಲು ಹೆಸರೇ ಕಾರಣವೆಂದು ಹೇಗೆ ಹೇಳುತ್ತೀರಿ ಎಂದರು.

"ದನಿ ಅದೇ, ಓದು ಅದೇ, ಹೆಣ್ಮಗಳೂ ಆಕೀನ. ಹೆಸರೊಂದ ಬ್ಯಾರೆ ಇತ್ರಿ."

ಆಗ ಕ್ಲಿನಿಕ್ಕಿನ ವಕೀಲ ಕನ್ನಡಕ ಸರಿಪಡಿಸಿಕೊಂಡ. ಬಹಳ ವಿನಯದಿಂದ ಕೇಳಿದ. "ನೀವು ಬಹಳ ದೂರದಿಂದ ನಮ್ಮ ಬಗ್ಗೆ ತೀರ್ಮಾನ ಹೇಳುತ್ತಿದ್ದೀರಿ. ನಿಮ್ಮ ಊರಿನಲ್ಲಿ ಇಂಥ ಭೇದಭಾವ ಇಲ್ಲವೇ?"

ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದರು. ಇಲ್ಲ ಎಂದರೆ ಸುಳ್ಳು, ಇದೆ ಎಂದರೆ ಸಾಕ್ಷಿ ಕೆಟ್ಟಿತು. ಸುನಂದಾ ಬಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಐತ್ರಿ" ಎಂದರು ಗುರವರು. "ಹುಟ್ಟಿದಾಗಿಂದ ನೋಡೇನಿ. ಅದಕ್ಕ ನನಗ ಲಗೂನ ಗುರುತು ಹತ್ತಿತು."

ದುಭಾಷಿ ಈ ಸಲ ಯಾವ ಶಬ್ದದ ಅರ್ಥವನ್ನೂ ಕೇಳಲಿಲ್ಲ. ವಕೀಲ ಎದುರಿನ ಕಾಗದ ಮಡಚಿಟ್ಟ. ಸಮೀರಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಅಷ್ಟು ಸಣ್ಣ ಚೌಕಟ್ಟಿನಲ್ಲಿ ತಿಳಿಯಲಿಲ್ಲ.

ವಿಚಾರಣೆಯ ಕೊನೆಗೆ ಕ್ಲಿನಿಕ್ ತಪ್ಪು ಒಪ್ಪಿಕೊಂಡಿತು. ಬರೆದು ಕ್ಷಮೆ ಕೇಳಿ ಅದೇ ಹುದ್ದೆಯನ್ನು ಅವಳಿಗೆ ಕೊಟ್ಟಿತು. ಅಂಥ ಜಾಗದಲ್ಲಿ ಹೇಗೆ ಕೆಲಸ ಮಾಡುತ್ತೀಯೆಂದು ನಾನು ಫೋನಿನಲ್ಲಿ ಕೇಳಿದೆ. "ಅಂಥದ್ದಲ್ಲದ ಜಾಗಕ್ಕೆ ಕಾಯುತ್ತ ಕೂತರೆ ಮುದುಕಿಯಾಗುತ್ತೇನೆ" ಎಂದಳು.

ಮೊದಲ ದಿನವೇ ಒಬ್ಬ ವಯಸ್ಸಾದ ರೋಗಿ ಬಂದು, ಅವಳನ್ನು ಮೇಲಿಂದ ಕೆಳಗೆ ನೋಡಿ, ಬೇರೆ ಯಾರೂ ಇಲ್ಲವೇ ಎಂದು ಜೋರಾಗಿ ಕೇಳಿದನಂತೆ. ಅವಳು ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್ ಹೊರಬಂದ. ಅವಳ ಕಡೆ ನೋಡಲಿಲ್ಲ. "ಇಲ್ಲ. ಇವರೇ ಇರುವುದು" ಎಂದು ರೋಗಿಗೆ ಹೇಳಿ, ತಿರುಗಿ ಹೋಗಿ ಬಾಗಿಲು ಹಾಕಿಕೊಂಡ. ಮುದುಕ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಮೊಣಕಾಲು ಹಿಡಿದುಕೊಂಡು ಕುಳಿತು, "ಬಹಳ ನೋಯುತ್ತದಮ್ಮ" ಎಂದ.